ಹಿಮ್ಮಡಿಯ ಮಾದರಿ

ಫೆಬ್ರವರಿ 3, ಸೋಮವಾರ

ಇಂದು ಮ್ಯೂಸಿಯಮ್ಮಿನ ಉಗ್ರಾಣದಿಂದ ‘ಮಧ್ಯಾಹ್ನದ ನಿದ್ದೆ’ ಪ್ರಯೋಗಾಲಯಕ್ಕೆ ಬಂತು. ನಾಲ್ವರು ಹೊತ್ತು ತಂದರು, ತೂಕಕ್ಕಲ್ಲ, ಹೆದರಿಕೆಗೆ. ಒಂದು ಹಾಸಿಗೆ, ಅದರ ಮೇಲೆ ಮಲಗಿರುವ ಮೂವರು: ಅಪ್ಪ, ಅಮ್ಮ, ನಡುವೆ ಆರು ವರ್ಷದ ಹುಡುಗ. ಮೂವರನ್ನೂ ಫೋಮಿನಲ್ಲಿ, ಅಂದರೆ ಸೋಫಾಗೆ ತುಂಬುವ ಸ್ಪಂಜಿನಂಥ ಪ್ಲಾಸ್ಟಿಕ್ಕಿನಲ್ಲಿ, ಚಾಕುವಿನಿಂದ ಕೆತ್ತಿದ್ದು. ಬಟ್ಟೆಗೂ ಹೊದಿಕೆಗೂ ಗೋಡೆಗೆ ಬಳಿಯುವ ಬಣ್ಣ. ಮುಖ, ಕೈಕಾಲುಗಳಿಗೆ ಬಣ್ಣವಿಲ್ಲ, ಫೋಮನ್ನು ಹಾಗೇ ಬಿಡಲಾಗಿದೆ. ಆಗ ಕೆನೆಬಣ್ಣವಿತ್ತಂತೆ, ಈಗ ಹಳೆಯ ಹಲ್ಲಿನ ಬಣ್ಣ. ವಯಸ್ಸು ನಲವತ್ತು ದಾಟಿದೆ.

ಮುಂದಿನ ತಿಂಗಳ ಪ್ರದರ್ಶನದಲ್ಲಿ ಇದನ್ನು ಇಡಬಹುದೇ, ಇಟ್ಟರೆ ಎಷ್ಟು ಬೆಳಕಿನಲ್ಲಿ ಎಂದು ನಾನು ವರದಿ ಕೊಡಬೇಕು. ಇದನ್ನು ಮಾಡಿದವರು ಅತ್ತೆ. ನಡುವೆ ಮಲಗಿರುವ ಹುಡುಗ ಅವರ ಮಗ, ಹನ್ನೊಂದು ವರ್ಷ ನನ್ನ ಗಂಡನಾಗಿದ್ದವನು. ಮನೆಯಲ್ಲಿ ಉಳಿಸಿಕೊಳ್ಳಲಾಗದವನನ್ನು ಈಗ ಸಂಬಳ ತೆಗೆದುಕೊಂಡು ಉಳಿಸಬೇಕು. ಸೂಜಿಗೆ ಇದು ಭಾರೀ ತಮಾಷೆಯಾಗಿ ಕಂಡಿತು. ಸೂಜಿ ಎಂದರೆ ನಮ್ಮಲ್ಲಿ ಹಳೆಯ ಬಟ್ಟೆಗಳನ್ನು ಹೊಲಿದು ಸರಿಮಾಡುವವಳು. ಆ ಹೆಸರು ಅವಳ ಕೈಗೂ ಒಪ್ಪುತ್ತದೆ, ನಾಲಿಗೆಗೂ ಒಪ್ಪುತ್ತದೆ. ನನ್ನ ಅಮ್ಮ ತೀರಿಕೊಂಡ ವರ್ಷ ವಾರಗಟ್ಟಲೆ ನನ್ನ ಜೊತೆಗೇ ಇದ್ದವಳು, ಹಾಗಾಗಿ ಏನು ಬೇಕಾದರೂ ಅನ್ನುವ ಹಕ್ಕಿದೆ.

ನಿರ್ದೇಶಕರು ಮಾತ್ರ ನಗಲಿಲ್ಲ. ಕಲಾವಿದೆ ನಿಮಗೆ ಏನಾಗಬೇಕು ಎಂದು ಕೇಳಿದರು. “ಅತ್ತೆ ಆಗಿದ್ರು,” ಎಂದೆ. ಈಗ ಏನು ಎನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಪದವಿಲ್ಲ. ಗಂಡನಿಗೆ ಮಾಜಿ ಎಂದು ಹಚ್ಚಬಹುದು, ಅತ್ತೆಗೆ ಹಚ್ಚಿದರೆ ಸೋತ ಮಂತ್ರಿಯ ಹಾಗೆ ಕೇಳಿಸುತ್ತದೆ. ನಾಲ್ಕು ವರ್ಷದ ಹಿಂದೆ ಅವನು ಇನ್ನೊಬ್ಬಳ ಜೊತೆ ಇನ್ನೊಂದು ಊರಿಗೆ ಹೋದಾಗ ಅತ್ತೆ ಹೋಗಲಿಲ್ಲ. ಮನೆ ಖಾಲಿ ಮಾಡುವವರು ಬಾಗಿಲಲ್ಲಿ ಹಿಡಿಸದ ಬೀರುವನ್ನು ಬಿಟ್ಟುಹೋಗುವ ಹಾಗೆ ಅವನು ಬಿಟ್ಟುಹೋದ, ನಾನು ಇಟ್ಟುಕೊಂಡೆ. ಆ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿಲ್ಲ.

ನಿನ್ನೆ ಅವನ ಫೋನು ಬಂದಿತ್ತು. ನೆಲಮಹಡಿಯ ಮನೆ ಸಿಕ್ಕಿದೆ, ಅಮ್ಮನಿಗೆ ಬೇರೆ ಕೋಣೆ ಇದೆ, ಮಾರ್ಚ್ ಹದಿನಾರಕ್ಕೆ ಬಂದು ಕರೆದುಕೊಂಡು ಹೋಗುತ್ತಾನಂತೆ. ಅತ್ತೆ ಹೇಳಿದ್ದು ಅಡುಗೆಮನೆಯವರೆಗೂ ಕೇಳಿಸಿತು: “ಆಯ್ತಪ್ಪ, ಬರ್ತೀನಿ.” ಅಲ್ಲಿಗೆ ಮುಗಿಯಿತು. ಇಲ್ಲಿ ಅವರ ಕೋಣೆಯಲ್ಲಿ ನನ್ನ ಪುಸ್ತಕಗಳನ್ನು ಇಡಬಹುದು. ಒಳ್ಳೆಯದೇ ಆಯಿತು.

ಫೆಬ್ರವರಿ 6, ಗುರುವಾರ

ಮಾದರಿ ತೆಗೆದೆ. ನಮ್ಮ ಕಸುಬಿನ ಮೊದಲ ಪಾಠ, ವಸ್ತುವಿಗೆ ಹೊಸ ಗಾಯ ಮಾಡಬಾರದು. ಎಲ್ಲಿ ಈಗಾಗಲೇ ಕಿತ್ತುಹೋಗಿದೆಯೋ, ಎಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲವೋ ಅಲ್ಲಿಂದ ಮಾತ್ರ ಚೂರು ತೆಗೆಯಬೇಕು. ಹುಡುಗನ ಎಡಗಾಲಿನ ಹಿಮ್ಮಡಿ ಹೊದಿಕೆಯ ಮರೆಯಲ್ಲಿದೆ, ಅಂಚು ಹರಿದಿದೆ. ಅಲ್ಲಿಂದ ಸಾಸಿವೆಗಿಂತ ಚಿಕ್ಕದೊಂದು ಚೂರು ತೆಗೆದೆ. ಹೊದಿಕೆಯ ಮಡಿಕೆಯಿಂದ ಬಣ್ಣದ ಒಂದು ಚಕ್ಕೆ.

ಬಣ್ಣದಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನೀರಿನಲ್ಲಿ ಕಲಸುವ ಅಕ್ರಿಲಿಕ್, ಬಿಳುಪಿಗೆ ಟೈಟಾನಿಯಂ. ನಮಗೆ ಬೇಕಾಗಿದ್ದದ್ದು ಫೋಮಿನ ಜಾತಿ. ಅದರಲ್ಲಿ ಎರಡಿವೆ, ಈಸ್ಟರ್ ಮತ್ತು ಈಥರ್. ಹೆಸರಿನಲ್ಲಿ ಅಣ್ಣತಮ್ಮಂದಿರು, ಗುಣದಲ್ಲಿ ಅಜಗಜಾಂತರ. ಈಸ್ಟರ್‌ಗೆ ತೇವ ಶತ್ರು. ಒಣಗಾಳಿಯಲ್ಲಿಟ್ಟರೆ ಬೆಳಕನ್ನು ತಕ್ಕಮಟ್ಟಿಗೆ ತಾಳುತ್ತದೆ. ಈಥರ್‌ಗೆ ಬೆಳಕೇ ಶತ್ರು. ದೀಪದ ಕೆಳಗಿಟ್ಟರೆ ರೊಟ್ಟಿ ಒಣಗಿದ ಹಾಗೆ ಒಣಗಿ ಪುಡಿಯಾಗುತ್ತದೆ. ಇನ್‌ಫ್ರಾರೆಡ್ ಯಂತ್ರದಲ್ಲಿ ಜಾತಿ ತೋರಿಸುವ ಗೆರೆ ಸ್ಪಷ್ಟವಾಗಿ ಬಂತು. ಈಸ್ಟರ್. ಇಷ್ಟು ಚೆನ್ನಾದ ಗೆರೆ ಬಂದು ಎಷ್ಟೋ ದಿನವಾಗಿತ್ತು.

ಊಟಕ್ಕೆ ಕೂತಾಗ ಅತ್ತೆ, ಆಸ್ಪತ್ರೆಯಲ್ಲಿರುವವರ ಬಗ್ಗೆ ವಿಚಾರಿಸುವ ಹಾಗೆ, ಹೇಗಿದ್ದಾನೆ ಎಂದು ಕೇಳಿದರು. ಹಿಮ್ಮಡಿ ಸ್ವಲ್ಪ ಹಾಳಾಗಿದೆ, ಉಳಿದದ್ದು ಪರವಾಗಿಲ್ಲ ಎಂದೆ. ಅವನ ಹಿಮ್ಮಡಿ ಯಾವ ಕಾಲಕ್ಕೆ ನೆಟ್ಟಗಿತ್ತು ಎಂದು ನಕ್ಕರು. ಅವರು ನನ್ನನ್ನು ಡಾಕ್ಟರಮ್ಮ ಅನ್ನುತ್ತಾರೆ, ರೋಗಿಗಳೇ ಇಲ್ಲದ ಡಾಕ್ಟರಮ್ಮ. ಈಗ ಒಬ್ಬ ಸಿಕ್ಕಿದ್ದಾನೆ.

ಫೆಬ್ರವರಿ 12, ಬುಧವಾರ

ವರದಿ ಕೊಟ್ಟೆ. ಒಣಗಾಳಿ ಇದ್ದರೆ ಸಾಧಾರಣ ಬೆಳಕಿನಲ್ಲಿ ಇಡಬಹುದು ಎಂದು ಬರೆದು ಸಹಿ ಹಾಕಿದ್ದೇನೆ. ನಿರ್ದೇಶಕರಿಗೆ ಖುಷಿಯಾಯಿತು.

ಅತ್ತೆ ಈಗಲೇ ಪೆಟ್ಟಿಗೆ ಕಟ್ಟಲು ಶುರುಮಾಡಿದ್ದಾರೆ. ಹೊರಡಲು ಇನ್ನೂ ತಿಂಗಳಿದೆ. ಯಾವ ಪಾತ್ರೆ ಯಾರದ್ದು ಎಂದು ಬೆಳಿಗ್ಗೆಯೇ ವಿಚಾರಣೆ ನಡೆಯಿತು. ಎಲ್ಲ ನಿಮ್ಮದೇ, ತೆಗೆದುಕೊಂಡು ಹೋಗಿ ಎಂದೆ. ಹಾಗಾದರೆ ನೀನು ಹಾಲು ಯಾವುದರಲ್ಲಿ ಕಾಯಿಸುತ್ತೀಯ ಎಂದರು. ಹಾಲು ಕುಡಿಯುವವರು ನೀವು, ನನಗೇಕೆ ಎಂದೆ. ಟೀ ಸೋಸುವ ಜಾಲರಿಯ ವಿಷಯದಲ್ಲಿ ಮಾತ್ರ ಇಬ್ಬರಿಗೂ ಹಟ ಬಂತು. ಅದು ನಾನು ತಂದದ್ದು, ಅವರು ತಮ್ಮದು ಅನ್ನುತ್ತಾರೆ. ನನಗೆ ಆ ಜಾಲರಿ ಬೇಕಿಲ್ಲ, ಅದರ ಹಿಡಿ ಮುರಿದಿದೆ. ಆದರೂ ಬಿಟ್ಟುಕೊಡಲಿಲ್ಲ.

ಫೆಬ್ರವರಿ 22, ಶನಿವಾರ

ಅತ್ತೆ ಕಣ್ಣಿನ ವೈದ್ಯರಲ್ಲಿಗೆ ಹೋಗಿದ್ದಾಗ ಅವರ ಕೋಣೆ ಅಳೆದೆ. ಪುಸ್ತಕದ ಕಪಾಟು ಹಿಡಿಸುತ್ತದೆ. ಬಡಗಿಗೆ ಫೋನು ಮಾಡಬೇಕಿತ್ತು, ಮಾಡಲಿಲ್ಲ. ಮಂಚ ತೆಗೆಯದೆ ಕಪಾಟು ಇಡಲಾಗುವುದಿಲ್ಲ, ಆ ಮಂಚ ಇಳಿಸಲು ಇಬ್ಬರು ಆಳು ಬೇಕು, ಇದೆಲ್ಲ ತಾಪತ್ರಯ.

ಅಳತೆ ಟೇಪನ್ನು ಅವರ ಹಾಸಿಗೆಯ ಮೇಲೆಯೇ ಮರೆತು ಬಂದಿದ್ದೆ. ಅತ್ತೆ ಅದನ್ನು ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ಎಷ್ಟು ಬಂತು ಎಂದು ಕೇಳಿದರು. ಸಾಕಾಗುತ್ತದೆ ಎಂದೆ.

ಮಾರ್ಚ್ 1, ಶನಿವಾರ

‘ಮಧ್ಯಾಹ್ನದ ನಿದ್ದೆ’ಯನ್ನು ದೊಡ್ಡ ಸಭಾಂಗಣಕ್ಕೆ ಒಯ್ದು ಗಾಜಿನೊಳಗೆ ಇಟ್ಟೆವು. ತೇವ ಹೀರುವ ಹರಳುಗಳನ್ನು ಪೀಠದ ಕೆಳಗೆ ನಾನೇ ಜೋಡಿಸಿದೆ. ದೀಪ ಹಾಕುವವನು ಮಧ್ಯಾಹ್ನ ಅಂದಮೇಲೆ ಬಿಸಿಲಿನ ಹಾಗೆ ಕಾಣಬೇಡವೇ ಎಂದು ಹಟ ಹಿಡಿದ. ನಿರ್ದೇಶಕರು ನನ್ನತ್ತ ನೋಡಿದರು. ಇದು ಈಸ್ಟರ್, ತಾಳುತ್ತದೆ ಎಂದೆ. ದೀಪ ಹಾಕಿದಾಗ ಹುಡುಗನ ಕೆನ್ನೆ ನಿಜವಾಗಿಯೂ ಬೆಚ್ಚಗಿರುವಂತೆ ಕಂಡಿತು. ಅವನು ನಿದ್ದೆ ಮಾಡುವುದೇ ಹಾಗೆ, ಬಾಯಿ ಸ್ವಲ್ಪ ತೆರೆದು, ಒಂದು ಕೈ ಕಿವಿಯ ಕೆಳಗಿಟ್ಟುಕೊಂಡು. ಅತ್ತೆಯ ಕೈ ಕೆಟ್ಟದ್ದಲ್ಲ.

ಮಾರ್ಚ್ 8, ಶನಿವಾರ

ಉದ್ಘಾಟನೆ ಮುಗಿಯಿತು. ಅತ್ತೆ ಬೂದುಬಣ್ಣದ ಉಡುಪು ಹಾಕಿಕೊಂಡು ಬಂದಿದ್ದರು. ಪತ್ರಿಕೆಯವಳೊಬ್ಬಳು ಫೋಮನ್ನೇ ಯಾಕೆ ಆರಿಸಿಕೊಂಡಿರಿ, ಅದರ ಮೃದುತ್ವ ಏನನ್ನು ಹೇಳುತ್ತದೆ ಎಂದೆಲ್ಲ ಕೇಳಿದಳು. ಕಲ್ಲು ಕೊಳ್ಳಲು ದುಡ್ಡಿರಲಿಲ್ಲ, ಮನೆಯಲ್ಲಿ ಮೂರು ಹಳೆಯ ಹಾಸಿಗೆ ಇದ್ದವು ಎಂದರು ಅತ್ತೆ. ಎಲ್ಲರೂ ನಕ್ಕರು. ಅವರು ತಮಾಷೆಗೆ ಹೇಳಿದ್ದಲ್ಲ.

ಆಮೇಲೆ ಅವಳು ನನ್ನ ಕಡೆ ತಿರುಗಿ ಇವರು ಯಾರು ಎಂದು ಕೇಳಿದಳು. ಅತ್ತೆ ಒಂದು ಗಳಿಗೆ ಯೋಚಿಸಿ, “ಇವರು ಇಲ್ಲಿನ ಸೈಂಟಿಸ್ಟು,” ಎಂದರು. ಹೇಳಿದ್ದು ಸರಿಯಾಗಿಯೇ ಇದೆ. ನನ್ನ ಹುದ್ದೆಯೂ ಅದೇ. ಬರುವಾಗ ಕಾರಿನಲ್ಲಿ ರೇಡಿಯೋ ಹಾಕಿದೆ, ದಣಿವಾಗಿತ್ತು.

ಮಾರ್ಚ್ 9, ಭಾನುವಾರ

ತಲೆನೋವು. ಇವರು ಎಂದರಲ್ಲ, ಇವಳು ಎನ್ನಬಹುದಿತ್ತು.

ಮಾರ್ಚ್ 12, ಬುಧವಾರ

ಬೆಳಗಿನ ತಪಾಸಣೆಯಲ್ಲಿ ಹುಡುಗನ ಕಿವಿಯ ಕೆಳಗೆ ಹಾಸಿಗೆಯ ಮೇಲೆ ಕಂದು ಪುಡಿ ಕಂಡಿತು. ಅಪ್ಪನ ಭುಜದ ಬಳಿಯೂ ಇತ್ತು. ಧೂಳಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ, ಗಾಜಿನೊಳಗೆ ಧೂಳು ಎಲ್ಲಿಂದ ಬರಬೇಕು. ಕುಂಚದಲ್ಲಿ ತೆಗೆದು ಯಂತ್ರದಲ್ಲಿಟ್ಟೆ. ಈಥರ್.

ಯಂತ್ರ ಕೆಟ್ಟಿದೆಯೆಂದು ಹಿಮ್ಮಡಿಯ ಉಳಿದ ಚೂರನ್ನು ಮತ್ತೆ ಇಟ್ಟೆ. ಈಸ್ಟರ್. ಪುಡಿಯನ್ನು ಇನ್ನೊಮ್ಮೆ ಇಟ್ಟೆ. ಈಥರ್. ಒಂದೇ ಹುಡುಗನ ಮೈಯಲ್ಲಿ ಎರಡು ಜಾತಿ. ಮನೆಗೆ ಫೋನು ಮಾಡಿ, ಹಿಮ್ಮಡಿಗೆ ಬೇರೆ ಫೋಮು ಹಾಕಿದ್ದಿರಾ ಎಂದು ಅತ್ತೆಯನ್ನು ಕೇಳಿದೆ.

“ಹಾಕಿದ್ನಲ್ಲ. ಮೊದಲಿಂದ ಹಾಕಿದ್ದಲ್ಲ. ನನ್ನ ಕಾಲು ನಾನೇ ಕಿತ್ತುನೋಡ್ತೀನಿ ಅಂತ ಅವನು ಒಂದಿನ ಕಿತ್ತುಬಿಟ್ಟಿದ್ದ. ಸೋಫಾ ದಿಂಬು ಕತ್ತರಿಸಿ ಅಂಟಿಸ್ದೆ.”

“ನನಗೆ ಯಾಕೆ ಹೇಳ್ಲಿಲ್ಲ?”

“ನೀನು ಕೇಳ್ಲಿಲ್ಲ. ಹಿಮ್ಮಡಿ ಹಾಳಾಗಿದೆ ಅಂದೆ. ಅದು ನನಗೂ ಗೊತ್ತಿತ್ತು.”

ಹಾಳಾದ ಜಾಗದಿಂದಲೇ ಮಾದರಿ ತೆಗೆಯಬೇಕು ಎನ್ನುವುದು ನಮ್ಮ ನಿಯಮ. ಹಾಳಾದ ಜಾಗವನ್ನೇ ಯಾರಾದರೂ ಹಿಂದೊಮ್ಮೆ ರಿಪೇರಿ ಮಾಡಿರುತ್ತಾರೆ ಎನ್ನುವುದು ನಮಗೆಲ್ಲ ಗೊತ್ತಿರುವ ವಿಷಯ. ಎರಡನ್ನೂ ಒಟ್ಟಿಗೆ ನೆನಪಿಡುವಷ್ಟು ಬುದ್ಧಿ ನನಗೆ ಇರಬೇಕಿತ್ತು. ನಾನು ಪರೀಕ್ಷಿಸಿದ್ದು ‘ಮಧ್ಯಾಹ್ನದ ನಿದ್ದೆ’ಯನ್ನಲ್ಲ, ಯಾರದೋ ಸೋಫಾದ ದಿಂಬನ್ನು. ಚೆಂದದ ಗೆರೆ ಬಂದದ್ದೇ ತಡ, ಕಣ್ಣು ಮುಚ್ಚಿ ನಂಬಿದೆ.

ಮಾರ್ಚ್ 13, ಗುರುವಾರ

ನಿರ್ದೇಶಕರಿಗೆ ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ದೀಪ ಆರಿಸಿ, ಗಾಜಿಗೆ ಕಪ್ಪು ಬಟ್ಟೆ ಹೊದಿಸಿದೆವು. ನಾಲ್ಕೈದು ದಿನದ ದೀಪದಿಂದಲೇ ಇಷ್ಟು ಹಾಳಾಗುವುದಿಲ್ಲ. ನಲವತ್ತು ವರ್ಷದಿಂದ ಒಳಗೊಳಗೇ ಆಗಿದ್ದಕ್ಕೆ ದೀಪ ಕೊನೆಯ ನೂಕು ಕೊಟ್ಟಿದೆ. ಇದನ್ನು ನಾನು ಸಮಾಧಾನಕ್ಕೆ ಬರೆಯುತ್ತಿಲ್ಲ, ನಿಜವಾಗಿಯೂ ಅಷ್ಟೇ.

ಸಂಜೆ ಅತ್ತೆಗೆ ವಿವರಿಸಿದೆ. ಕಲಾವಿದೆ ಇರುವವರೆಗೆ ತೀರ್ಮಾನ ಅವರದೇ. ಗಾಳಿಯಾಡದ ಪೆಟ್ಟಿಗೆಯಲ್ಲಿ, ತಣ್ಣನೆಯ ಕತ್ತಲಲ್ಲಿ ಇಟ್ಟರೆ ಇಪ್ಪತ್ತೋ ಮೂವತ್ತೋ ವರ್ಷ ಉಳಿಯುತ್ತದೆ, ಆದರೆ ಯಾರೂ ನೋಡುವಂತಿಲ್ಲ. ಮಂದ ಬೆಳಕಿನಲ್ಲಿ ಜನರ ಮುಂದೆಯೇ ಇಟ್ಟರೆ ಬೇಗ ಹೋಗುತ್ತದೆ. ಅವರು ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

“ನೀನೇನ್ ಹೇಳ್ತೀಯ?”

“ಅದು ನನ್ನ ಕೆಲಸ ಅಲ್ಲ ಅತ್ತೆ.”

“ನಿನ್ನ ಕೆಲಸ ಕೇಳ್ಲಿಲ್ಲ ಕಣೆ. ನಿನಗೇನು ಬೇಕು ಅಂತ ಕೇಳ್ದೆ.”

ಅವರು ಕಾಯುತ್ತಿದ್ದರು. ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದೆ. ಆಮೇಲೆ ಅವರು ಅದೇ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚುವುದು ಕಾಣಿಸಿತು.

ಮಾರ್ಚ್ 15, ಶನಿವಾರ

ರಜೆಯಿದ್ದರೂ ಹೋಗಿ ಮೂರೂ ಆಕೃತಿಗಳಿಂದ ಮತ್ತೆ ಮಾದರಿ ತೆಗೆದೆ. ಹರಿದ ಕಡೆಯಿಂದಲೂ ತೆಗೆದೆ, ಹರಿಯದ ಕಡೆಯಿಂದಲೂ ತೆಗೆದೆ. ಇನ್ನು ಮೇಲೆ ಒಂದೇ ಚೂರಿನ ಮಾತು ಕೇಳಿ ಸಹಿ ಹಾಕುವುದಿಲ್ಲ.

ಮನೆಗೆ ಬಂದು ಅತ್ತೆಯ ಹತ್ತಿರ ಕೂತೆ. ಅಲ್ಲಿ ಮೆಟ್ಟಿಲಿದೆಯೇ, ಮಂಡಿಗೆ ಎಣ್ಣೆ ಹಚ್ಚುವವರು ಯಾರು, ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ, ಹೊಸ ಸೊಸೆಗೆ ನಿಮ್ಮ ಔಷಧದ ಹೊತ್ತು ಗೊತ್ತೇ ಎಂದು ಒಂದೊಂದಾಗಿ ಕೇಳಿದೆ. ಅತ್ತೆ ಕನ್ನಡಕ ತೆಗೆದು, ಇದೇನು ಪೊಲೀಸರ ಹಾಗೆ ಎಂದರು. ಸುಮ್ಮನೆ ಕೇಳಿದೆ ಎಂದೆ. ನಿಮಗೆ ಹೋಗಲು ಇಷ್ಟವೇ ಎನ್ನುವುದನ್ನೂ ಕೇಳುವವಳಿದ್ದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದುಹೋದೆ.

ಮಾರ್ಚ್ 16, ಭಾನುವಾರ

ಅತ್ತೆಯ ಮಗ ಬಂದ. ಕೂದಲು ಹಣ್ಣಾಗಿದೆ, ಹೊಟ್ಟೆ ಬಂದಿದೆ. ಕೆನ್ನೆ ಮಾತ್ರ ಹಾಗೇ ಇದೆ, ಗಾಜಿನೊಳಗಿನ ಹುಡುಗನದಕ್ಕಿಂತ ಗಟ್ಟಿ. ನೀರು ಕುಡಿದ. ಮ್ಯೂಸಿಯಮ್ಮಿನಲ್ಲಿ ತಾನು ಹೇಗಿದ್ದೇನೆ ಎಂದು ಕೇಳಿದ. ಬೆಳಕು ಆಗಿಬರುವುದಿಲ್ಲ ಎಂದೆ. ಇಬ್ಬರೂ ನಕ್ಕೆವು. ಅವನ ಮೇಲೆ ಸಿಟ್ಟು ಉಳಿದಿಲ್ಲ ಎನ್ನುವುದು ಗೊತ್ತಾಯಿತು, ಅದನ್ನು ಗಮನಿಸುವಷ್ಟು ಪುರಸೊತ್ತೂ ಇರಲಿಲ್ಲ.

ಅವನು ಪೆಟ್ಟಿಗೆಗಳನ್ನು ಇಳಿಸಿದ. ಅತ್ತೆ ಬಾಗಿಲಲ್ಲಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಾ ಬಹಳ ಹೊತ್ತು ನಿಂತರು. ಆ ಪಟ್ಟಿ ಸರಿಯಾಗಿಯೇ ಇತ್ತು. ಕೊನೆಗೆ ಬರ್ತೀನಿ ಎಂದರು. ಹೂಂ ಎಂದೆ. ಅವರು ಇನ್ನೂ ಒಂದು ಕ್ಷಣ ನಿಂತಿದ್ದು ಕೆಳಗಿಳಿದರು.

ಹೊರಡುವವರೆಲ್ಲ ಬರ್ತೀನಿ ಎಂದೇ ಹೇಳುವುದು. ಅದಕ್ಕೆ ಅರ್ಥ ಹುಡುಕಬಾರದು.

ಮಾರ್ಚ್ 19, ಬುಧವಾರ

ಮನೆ ನಿಶ್ಶಬ್ದ. ನಾನು ಕೇಳಿಕೊಂಡಿದ್ದೂ ಇದನ್ನೇ. ಹಾಲು ಅರ್ಧ ಸಾಕು ಎಂದು ಹೇಳಲು ಮರೆಯುತ್ತಿದ್ದೇನೆ, ಎರಡು ದಿನದಿಂದ ಒಡೆಯುತ್ತಿದೆ. ಜಾಲರಿಯನ್ನು ಇಲ್ಲಿಯೇ ಬಿಟ್ಟುಹೋಗಿದ್ದಾರೆ.

ಮಾರ್ಚ್ 22, ಶನಿವಾರ

ನಿನ್ನೆ ಕೊನೆಗೂ ಫೋನು ಮಾಡಿದ್ದೆ, ಬಡಗಿ ಬಂದಿದ್ದ. ಮಂಚ ಯಾವಾಗ ತೆಗೆಸುತ್ತೀರಿ ಎಂದು ಕೇಳಿದ. ಕೋಣೆಯಲ್ಲಿ ಜನ ಇದ್ದಾರೆ ಎಂದು ಕಳಿಸಿಬಿಟ್ಟೆ.

ಮಾರ್ಚ್ 26, ಬುಧವಾರ

ಅತ್ತೆ ಫೋನು ಮಾಡಿದರು. ಮೊದಲು ಕೆಲಸದ ಮಾತು. ‘ಮಧ್ಯಾಹ್ನದ ನಿದ್ದೆ’ಯ ಬಗ್ಗೆ ತೀರ್ಮಾನ ಮಾಡಿದ್ದಾರಂತೆ, ಬೆಳಕಿನಲ್ಲೇ ಇಡಬೇಕಂತೆ. ಪುಡಿಯಾದರೆ ಆಗಲಿ, ಹುಡುಗರು ಬಂದು ಮೂಗು ಗಾಜಿಗೆ ಒತ್ತಿ ನೋಡಲಿ ಎಂದರು. ನನ್ನ ಅಭಿಪ್ರಾಯ ಬೇರೆ ಇರಬೇಕಿತ್ತು. ಇರಲಿಲ್ಲ. ನಿರ್ದೇಶಕರಿಗೆ ಹೇಳುತ್ತೇನೆ ಎಂದೆ.

ಆಮೇಲೆ ಅಲ್ಲಿ ಹೇಗಿದೆ ಎಂದು ಕೇಳಿದೆ. ಒಳ್ಳೆಯ ಕೋಣೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ, ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋಗುವಾಗ ಪರದೆ ಎಳೆದು, ಮಲಗಿ ಆರಾಮ ಮಾಡಿ ಎಂದು ಹೇಳಿಹೋಗುತ್ತಾರೆ ಎಂದರು. ಯಾರ ಮೇಲೂ ದೂರಿಲ್ಲ. ಮಾತು ಮುಗಿಯಿತು ಅಂದುಕೊಂಡೆ.

“ಅವತ್ತು ಬಾಗಿಲಲ್ಲಿ ಬರ್ತೀನಿ ಅಂದೆ,” ಎಂದರು ಅತ್ತೆ. “ನೀನು ಹೋಗಿಬನ್ನಿ ಅನ್ಲಿಲ್ಲ. ಬರೀ ಹೂಂ ಅಂದೆ.”

“ಆ ಮಾತು ಬಾಯಿಗೆ ಬರ್ಲಿಲ್ಲ.”

“ಪೋಸ್ಟ್‌ಮನ್‌ಗೂ ಅಂತೀಯ ನೀನು.”

“ನಿಮಗೆ ಹೋಗೋದು ಇಷ್ಟ ಅಂದ್ಕೊಂಡಿದ್ದೆ. ಫೋನಲ್ಲಿ ಅವತ್ತು ಆಯ್ತಪ್ಪ ಅಂದ್ರಲ್ಲ.”

“ಹೆತ್ತ ಮಗ ಕರೆದಾಗ ಇನ್ನೇನ್ ಅನ್ಲಿ? ಕರೆದೋನು ಅವನೊಬ್ನೇ. ನೀನು ಟೇಪು ತಗೊಂಡು ರೂಮು ಅಳೀತಿದ್ದೆ.”

ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಅವರನ್ನು ಇರಿ ಎಂದಿರಲಿಲ್ಲ, ಅವರು ಇರಲೇ ಎಂದು ಕೇಳಿರಲಿಲ್ಲ. ನನಗೆ ಅಳು ಬಂತು. ಫೋನು ದೂರ ಹಿಡಿದೆ, ಆದರೂ ಕೇಳಿಸಿರಬೇಕು.

“ಬನ್ನಿ ಅತ್ತೆ,” ಎಂದೆ. “ನನಗೆ ನೀವು ಬೇಕು. ನೀವಿಲ್ಲದೆ ಆಗ್ತಿಲ್ಲ ನನಗೆ.”

ಅತ್ತೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಇದನ್ನ ಹದಿನಾರನೇ ತಾರೀಕು ಅಂದಿದ್ರೆ ಪೆಟ್ಟಿಗೆ ಇಳಿಸೋ ಕೆಲಸ ಉಳೀತಿತ್ತು,” ಎಂದರು. “ಮಂಡಿ ಹಿಡ್ಕೊಂಡಿದೆ. ಬಸ್ಸು ಹತ್ತೋಕೆ ಒಬ್ಳಿಗೇ ಆಗಲ್ಲ. ಬಂದು ಕರ್ಕೊಂಡ್ ಹೋಗು. ಅವನಿಗೆ ನಾನು ಹೇಳ್ತೀನಿ.”

ಮಾರ್ಚ್ 27, ಗುರುವಾರ

ನಿರ್ದೇಶಕರು ಕಲಾವಿದೆಯ ತೀರ್ಮಾನ ಒಪ್ಪಿದರು. ಕಪ್ಪು ಬಟ್ಟೆ ತೆಗೆದು ಒಂದೇ ಮಂದ ದೀಪ ಉಳಿಸಿದ್ದೇವೆ. ಪುಡಿಯನ್ನು ಗುಡಿಸುವುದಿಲ್ಲ, ಬಿದ್ದಲ್ಲೇ ಇರಲಿ ಎಂದು ನಾನು ಸಲಹೆ ಕೊಟ್ಟೆ.

ನಾಳೆಯಿಂದ ಎರಡು ದಿನ ಬರುವುದಿಲ್ಲ, ತಪಾಸಣೆ ನೋಡಿಕೋ ಎಂದು ಸೂಜಿಗೆ ಒಪ್ಪಿಸಿದೆ. ಏನು ವಿಶೇಷ ಎಂದು ಕೇಳಿದಳು. ಊರಿಗೆ ಹೋಗಿ ಅಮ್ಮನನ್ನು ಕರೆದುಕೊಂಡು ಬರಬೇಕು ಎಂದೆ. ಅವಳು ಕೈಯಲ್ಲಿದ್ದ ದಾರವನ್ನು ಹಾಗೇ ಹಿಡಿದು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಯಾವಾಗಲೂ ಏನಾದರೊಂದು ಚುಚ್ಚಿ ಮಾತಾಡುವವಳು ಇಂದು ಹತ್ತಿರ ಬಂದು ನನ್ನ ಭುಜ ಮುಟ್ಟಿ ಹೋದಳು. ಯಾಕೆಂದು ತಿಳಿಯಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕು.